ಈ ವರ್ಷ ಯಾವ ಊರು?

2023ರ ಜೂನ್. ಆ ವರ್ಷ ಮಳೆ ತಡವಾಗಿತ್ತು. ಸಾಗರದ ಹತ್ತಿರ ನಮ್ಮ ಮನೆ ಅಂಗಳದಲ್ಲಿ ಅಪ್ಪಯ್ಯ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಔಷಧಿ ಕಲಸುತ್ತಿದ್ದರು. ಒಂದು ಡ್ರಮ್ಮಿನಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಇನ್ನೊಂದರಲ್ಲಿ 50 ಲೀಟರ್ ನೀರಿಗೆ ಒಂದು ಕೆಜಿ ಸುಣ್ಣ. ಎರಡನ್ನೂ ಮೂರನೇ ಡ್ರಮ್ಮಿಗೆ ಸುರಿದು ಕೋಲಿನಲ್ಲಿ ತಿರುಗಿಸಿದರು. ಆಮೇಲೆ ಅಡಿಗೆಮನೆಯಿಂದ ತಂದ ಹಳೇ ಚಾಕುವನ್ನು ಅದರಲ್ಲಿ ಅದ್ದಿ, ಎತ್ತಿ, ಬಿಸಿಲಿಗೆ ಹಿಡಿದು ನೋಡಿದರು. ಚಾಕುವಿನ ಮೇಲೆ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಕಮ್ಮಿಯಾಗಿದೆ ಅಂತ ಅರ್ಥ. ಇನ್ನೊಂದು ಚೊಂಬು ಸುಣ್ಣದ ನೀರು ಹಾಕಬೇಕು. ಹತ್ತಿರಲಿಲ್ಲ. "ಸರಿ ಆತು" ಅಂದರು.

ನಾನು ಬೆಂಗಳೂರಿನಿಂದ ಬಂದಿದ್ದೇ ಅವರಿಗೆ ಫ್ಲೂ ಇಂಜೆಕ್ಷನ್ ಹಾಕಿಸಲಿಕ್ಕೆ. ಆ ವಿಷಯ ಎತ್ತಿದೆ. ಅವರು ಚಾಕು ಒರೆಸುತ್ತಾ ಹೇಳಿದ್ದು ಇಷ್ಟು: "ಎಂತಕ್ಕೆ ಮತ್ತೆ? ಕೊರೊನಾ ಟೈಮಲ್ಲೇ ಮೂರು ಸಲ ಚುಚ್ಚಿಸ್ಕಂಡಾಗಿದೆಯಲ್ಲ ಮಾರಾಯ. ಸರ್ಟಿಫಿಕೇಟೂ ಇದೆ."

ಸರ್ಟಿಫಿಕೇಟ್ ಇರೋದು ನಿಜ. ಲ್ಯಾಮಿನೇಷನ್ ಮಾಡಿಸಿ, ಪಹಣಿ, ರೇಷನ್ ಕಾರ್ಡು, ಅಜ್ಜನ ಕಾಲದ ಒಂದು ಕ್ರಯಪತ್ರದ ಜೊತೆ ಗೋದ್ರೆಜ್ ಬೀರುವಿನಲ್ಲಿ ಇಟ್ಟಿದ್ದಾರೆ. ಅವರ ಲೆಕ್ಕದಲ್ಲಿ ಲಸಿಕೆ ಅನ್ನೋದು ಜಮೀನು ರಿಜಿಸ್ಟ್ರೇಷನ್ ಇದ್ದ ಹಾಗೆ. ಒಂದು ಸಲ ಸಹಿ ಬಿದ್ದರೆ ಆಯಿತು, ಮಕ್ಕಳು ಮೊಮ್ಮಕ್ಕಳವರೆಗೆ ಚಿಂತೆ ಇಲ್ಲ.

ನನಗೆ ನಗು ಬಂತು. ಯಾಕೆಂದರೆ ಈ ಮಾತು ಹೇಳುತ್ತಿರುವ ಮನುಷ್ಯ ಪ್ರತಿವರ್ಷ ತಪ್ಪದೆ ಮಳೆಗಾಲದ ಬಾಯಿಗೆ ಒಂದು ಸಲ, ಅದಾಗಿ 40-45 ದಿನಕ್ಕೆ ಇನ್ನೊಂದು ಸಲ ಅಡಿಕೆ ಮರಕ್ಕೆ ಔಷಧಿ ಹೊಡೆಸುವವರು. ಹೋದ ವರ್ಷ ಹೊಡೆದಾಗಿದೆಯಲ್ಲ, ಈ ವರ್ಷ ಎಂತಕ್ಕೆ ಅಂತ ಯಾವತ್ತೂ ಕೇಳಿದವರಲ್ಲ. ಒಂದು ವರ್ಷ ಆಳು ಸಿಗದೆ ಎರಡನೇ ಔಷಧಿ ತಪ್ಪಿ, ಮರದ ಬುಡದಲ್ಲಿ ಹಸಿರು ಕಾಯಿ ಚಾಪೆ ಹಾಸಿದ ಹಾಗೆ ಉದುರಿದ್ದನ್ನು ಈಗಲೂ ಹೇಳುತ್ತಾರೆ.

ಅದನ್ನೇ ತಿರುಗಿಸಿ ಕೇಳಿದೆ. "ಹೋದ ವರ್ಷ ಹೊಡೆಸಿದ್ದಿರಲ್ಲ ಅಪ್ಪಯ್ಯ, ಈ ವರ್ಷ ಎಂತಕ್ಕೆ?"

"ಅದು ಬೇರೆ, ಇದು ಬೇರೆ" ಅಂದರು. ಅಷ್ಟೇ. ಹೊಲದ ಮಾತಿಗೆ ಪೇಟೆಯವನು ಬಾಯಿ ಹಾಕಬಾರದು ಅನ್ನೋ ಧಾಟಿ.

ಈ ಹಟಕ್ಕೆ ನಾನು ಹೆದರಿದ್ದಕ್ಕೆ ಕಾರಣ ಇತ್ತು. ಅದಕ್ಕೆ ಮೂರು ತಿಂಗಳ ಮೊದಲು, ಮಾರ್ಚ್‌ನಲ್ಲಿ, ಅವರಿಗೆ ಜ್ವರ ಬಂದಿತ್ತು. ಮೊದಲೆರಡು ದಿನ ಕಷಾಯ. ಮೂರನೇ ದಿನ ಊಟ ಬಿಟ್ಟರು. ನಾಲ್ಕನೇ ದಿನ ಅಮ್ಮ ಫೋನ್ ಮಾಡಿ "ಮಾತಾಡಿದ್ರೆ ಏದುಸಿರು ಬರ್ತಿದೆ, ನೀನು ಹೊರಟು ಬಾ" ಅಂದಳು. ಶಿವಮೊಗ್ಗದಲ್ಲಿ ಆರು ದಿನ ಆಸ್ಪತ್ರೆ. 72 ವರ್ಷ, ಸಕ್ಕರೆ ಕಾಯಿಲೆ ಬೇರೆ. ಇನ್‌ಫ್ಲುಯೆಂಜಾ, ಎಚ್3ಎನ್2 ಅಂದರು. ಆ ತಿಂಗಳು ಪೇಪರ್ ತುಂಬ ಅದೇ ಸುದ್ದಿ. ಹಾಸನ ಜಿಲ್ಲೆಯಲ್ಲಿ 82 ವರ್ಷದ ಹಿರಿಯರೊಬ್ಬರು ತೀರಿಕೊಂಡಿದ್ದರು, ರಾಜ್ಯದಲ್ಲಿ ಆ ಜ್ವರದಿಂದಾದ ಮೊದಲ ಸಾವು ಅಂತ ವರದಿಯಾಗಿತ್ತು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು, "ಇನ್ಮೇಲೆ ವರ್ಷಕ್ಕೊಂದು ಸಲ ಫ್ಲೂ ಇಂಜೆಕ್ಷನ್ ಹಾಕಿಸಿಬಿಡಿ, ಮಳೆಗಾಲಕ್ಕೆ ಮುಂಚೆ" ಅಂದರು. ಅಪ್ಪಯ್ಯ ತಲೆ ಆಡಿಸಿದರು. ಕಾರು ಹತ್ತಿದ ಮೇಲೆ ಮರೆತರು.

ನಮ್ಮಲ್ಲಿ ಫ್ಲೂ ಅಂದರೆ ಒಂದು ಅಸಡ್ಡೆ ಇದೆ. "ಸುಮ್ನೆ ಥಂಡಿ ಜ್ವರ" ಅಂತೀವಿ. ನನಗೂ ಆ ಆರು ದಿನ ಕಾರಿಡಾರಿನ ಕುರ್ಚಿಯಲ್ಲಿ ಕೂತು ಕಳೆಯುವವರೆಗೆ ಹಾಗೇ ಇತ್ತು.

ಕೊನೆಗೆ ಅವರನ್ನು ಒಪ್ಪಿಸಿದ್ದು ನಾನಲ್ಲ, ಅಮ್ಮ. ಒಪ್ಪಿಸಿದಳು ಅನ್ನೋದಕ್ಕಿಂತ, ಪಂಚೆ ಬದಲಿಸಿ ಶರ್ಟು ಹಾಕಿಕೊಳ್ಳಿ ಅಂದಳು, ಅವರು ಹಾಕಿಕೊಂಡರು. ನಾನು ಮಾಡಿದ ವಾದವೆಲ್ಲ ವ್ಯರ್ಥ.

ಪೇಟೆಗೆ ಹೋದೆವು. ಅಲ್ಲಿ ಇನ್ನೊಂದು ಕಥೆ. ಡಾಕ್ಟರ ಹತ್ತಿರ ಸ್ಟಾಕ್ ಇರಲಿಲ್ಲ, ಹೊರಗಡೆಯಿಂದ ತನ್ನಿ ಅಂದರು. ಒಂದು ಮೆಡಿಕಲ್ ಶಾಪ್‌ನಲ್ಲಿ ಕೇಳಿದರೆ ಇದೆ ಅಂತ ಒಳಗೆ ಹೋಗಿ, ಒಂದು ಡಬ್ಬಿಯನ್ನು ತೆಳ್ಳಗಿನ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಟ್ಟರು. ಐಸ್ ಇಲ್ಲ, ಏನೂ ಇಲ್ಲ. ಮುಟ್ಟಿ ನೋಡಿದರೆ ತಣ್ಣಗೂ ಇರಲಿಲ್ಲ. ಈ ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿ ಒಳಗೆ. ಬಿಸಿಯಾದರೂ ಕೆಟ್ಟಿತು, ಫ್ರೀಜ್ ಆದರೂ ಕೆಟ್ಟಿತು. "ಫ್ರಿಜ್‌ನಲ್ಲೇ ಇತ್ತಾ?" ಅಂತ ಕೇಳಿದೆ. "ಬೆಳಿಗ್ಗೆಯಿಂದ ಕರೆಂಟಿಲ್ಲ ಸಾರ್, ಏನಾಗಲ್ಲ" ಅಂದರು. ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿಯ ವಸ್ತು. ವಾಪಸ್ ಕೊಟ್ಟು ಬಂದೆ. ಅಪ್ಪಯ್ಯನಿಗೆ ಖುಷಿ. ಆದರೆ ನಾನು ಶಿವಮೊಗ್ಗದವರೆಗೆ ಕಾರು ಓಡಿಸಿದೆ. ಅಲ್ಲಿ ಫ್ರಿಜ್ಜಿನಿಂದ ತೆಗೆದು, ಡಬ್ಬಿಯ ಮೇಲಿನ ತಾರೀಖು ತೋರಿಸಿ, ನಮ್ಮೆದುರೇ ಬಿಚ್ಚಿ ಹಾಕಿದರು. ಖಾಲಿ ಡಬ್ಬಿ ನಾನು ಇಟ್ಟುಕೊಂಡೆ, ಹಾಕಿಸಿದ ತಾರೀಖು ಬರೆದಿಡೋಕೆ.

ವಾಪಸ್ ಬರುವ ದಾರಿಯಲ್ಲಿ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಆ ಡಬ್ಬಿಯ ಸಣ್ಣ ಅಕ್ಷರ ಓದತೊಡಗಿದರು. ಹೈಸ್ಕೂಲಿನಲ್ಲಿ ಕಲಿತ ಇಂಗ್ಲಿಷು. ಒಂದೊಂದೇ ಅಕ್ಷರ ಕೂಡಿಸಿ, "ಸಿಡ್ನಿ... ಡಾರ್ವಿನ್... ಆಸ್ಟ್ರಿಯಾ... ಫುಕೆಟ್..." ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇದೆಂತದು, ಇಂಜೆಕ್ಷನ್ನಾ, ಫಾರಿನ್ ಟೂರಿನ ಟಿಕೆಟ್ಟಾ?"

ಆ ಪ್ರಶ್ನೆಯಿಂದ ನಮ್ಮ ನಿಜವಾದ ಮಾತುಕತೆ ಶುರುವಾಯಿತು.

ಅವು ವೈರಸ್ಸಿನ ಹೆಸರುಗಳು. ಯಾವ ಊರಲ್ಲಿ, ಇಲ್ಲ ದೇಶದಲ್ಲಿ ಆ ತಳಿಯ ಮಾದರಿ ಸಿಕ್ಕಿತೋ ಅದರ ಹೆಸರು, ಪಕ್ಕದಲ್ಲಿ ಒಂದು ನಂಬರು, ಆಮೇಲೆ ಇಸವಿ. ಸಿಡ್ನಿ 2021 ಅಂದರೆ ಎಚ್1ಎನ್1, 2009ರಲ್ಲಿ ನಾವು ಹಂದಿಜ್ವರ ಅಂತ ಹೆದರಿದ್ದೆವಲ್ಲ, ಆ ವಂಶದ್ದು. ಡಾರ್ವಿನ್ 2021 ಅಂದರೆ ಎಚ್3ಎನ್2, ಅವರನ್ನು ಮಲಗಿಸಿದ ಜ್ವರದ ಮನೆತನ. ಆಸ್ಟ್ರಿಯಾ ಮತ್ತು ಫುಕೆಟ್ ಬಿ ಗುಂಪಿನವು. ನಾಲ್ಕು ತಳಿಗೆ ಒಂದು ಸೂಜಿ.

ಈ ಪಟ್ಟಿ ಪ್ರತಿವರ್ಷ ಹೊಸದಾಗಿ ಬರೆಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆರಡು ಸಲ ಕೂತು, ಜಗತ್ತಿನ ಬೇರೆ ಬೇರೆ ಲ್ಯಾಬುಗಳು ಕಳಿಸಿದ ಮಾದರಿ ನೋಡಿ, ಈಗ ಯಾವ ತಳಿ ಓಡಾಡುತ್ತಿದೆ, ಮುಂದೆ ಯಾವುದು ಬರಬಹುದು ಅಂತ ಲೆಕ್ಕ ಹಾಕುತ್ತಾರೆ. ಫೆಬ್ರವರಿಯಲ್ಲಿ ಭೂಮಿಯ ಉತ್ತರದ ಅರ್ಧಕ್ಕೆ, ಸೆಪ್ಟೆಂಬರಿನಲ್ಲಿ ದಕ್ಷಿಣದ ಅರ್ಧಕ್ಕೆ. ಆಮೇಲೆ ಕಂಪನಿಗಳು ಆ ತಳಿಗಳನ್ನು ಬಹುತೇಕ ಕೋಳಿಮೊಟ್ಟೆಯಲ್ಲಿ ಬೆಳೆಸಿ, ಕೊಂದು, ಶುದ್ಧ ಮಾಡಿ, ಸೀಸೆಗೆ ತುಂಬಿಸುವಷ್ಟರಲ್ಲಿ ಸುಮಾರು ಆರು ತಿಂಗಳು. ಆ ಆರು ತಿಂಗಳು ವೈರಸ್ ಸುಮ್ಮನೆ ಕೂತಿರುತ್ತದಾ? ಇಲ್ಲ. ಅದಕ್ಕೇ ಕೆಲವು ವರ್ಷ ಲಸಿಕೆ ಚೆನ್ನಾಗಿ ಹೊಂದುತ್ತದೆ, ಕೆಲವು ವರ್ಷ ಅರೆಬರೆ. ಅಡಿಕೆ ಬೆಳೆಗಾರನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಯಾವಾಗ ಹಿಡಿಯುತ್ತದೆ ಅಂತ ಅಂದಾಜು ಮಾಡಿ ಔಷಧಿ ಹೊಡೆಸುವುದೂ ಹೀಗೇ.

"ಇದು ಬದಲಾಗೋದು ಎಂತಕ್ಕೆ?" ಅಂತ ಹಿಂದಿನ ಸೀಟಿನಿಂದ ಅಮ್ಮ. "ಮಕ್ಕಳಿಗೆ ದಡಾರದ್ದು ಹಾಕಿಸ್ತೀವಿ. ಅದು ಮುಗೀತು ಅಂದ್ರೆ ಮುಗೀತು. ಇದಕ್ಕೆ ಮಾತ್ರ ವರ್ಷ ವರ್ಷ ಅಂದ್ರೆ?"

ಇಷ್ಟು ಒಳ್ಳೆ ಪ್ರಶ್ನೆಯನ್ನು ನಾನು ಯಾವ ಟಿವಿ ಚರ್ಚೆಯಲ್ಲೂ ಕೇಳಿಲ್ಲ.

ದಡಾರದ ಲಸಿಕೆಗೆ ಮೂಲವಾದ ವೈರಸ್ಸನ್ನು 1954ರಲ್ಲಿ ಅಮೆರಿಕದ ಒಬ್ಬ ಹುಡುಗನ ಗಂಟಲಿನಿಂದ, ರಕ್ತದಿಂದ ತೆಗೆದದ್ದು. ಅವನ ಅಡ್ಡಹೆಸರಿನಿಂದಲೇ ಆ ತಳಿಗೆ ಎಡ್ಮನ್‌ಸ್ಟನ್ ಅನ್ನುತ್ತಾರೆ. ನಮ್ಮ ಅಂಗನವಾಡಿಯಲ್ಲಿ ಕೂಸಿಗೆ ಒಂಬತ್ತು ತಿಂಗಳಿಗೆ ಹಾಕುವ ಲಸಿಕೆಯೂ ಆ ವಂಶದ್ದೇ. ಏಳು ದಶಕದ ಹಿಂದಿನ ವೈರಸ್ ತೋರಿಸಿ ಪಾಠ ಹೇಳಿಕೊಟ್ಟರೂ ಇವತ್ತಿನ ದಡಾರವನ್ನು ಮೈ ಗುರುತು ಹಿಡಿಯುತ್ತದೆ. ಯಾಕೆಂದರೆ ದಡಾರದ ವೈರಸ್ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಭಾಗವನ್ನು ಬದಲಿಸಿಕೊಳ್ಳಲಿಕ್ಕೆ ಹೋದರೆ ಅಂಟಿಕೊಳ್ಳುವುದೇ ಕಷ್ಟವಾಗುತ್ತದೆ. ಅದು ತನ್ನ ರೂಪಕ್ಕೆ ತಾನೇ ಕಟ್ಟುಬಿದ್ದಿದೆ. ಫ್ಲೂ ಹಾಗಲ್ಲ. ಮೇಲಿನ ಮುಳ್ಳಿನ ಆಕಾರ ಅಲ್ಲಲ್ಲಿ ಸ್ವಲ್ಪ ಬದಲಾದರೂ ಅದರ ಕೆಲಸ ನಡೆಯುತ್ತದೆ. ಲಕ್ಷಾಂತರ ಸಲ ತನ್ನನ್ನು ತಾನು ನಕಲು ಮಾಡಿಕೊಳ್ಳುವಾಗ ಅಕ್ಷರ ತಪ್ಪಾಗುತ್ತಲೇ ಇರುತ್ತದೆ. ಬಹಳಷ್ಟು ತಪ್ಪಿಗೆ ಅರ್ಥ ಇಲ್ಲ. ಒಂದೊಂದು ತಪ್ಪು ಮಾತ್ರ ನಮ್ಮ ಮೈಯ ಕಣ್ಣು ತಪ್ಪಿಸಲಿಕ್ಕೆ ಸಹಾಯ ಮಾಡುತ್ತದೆ, ಅದೇ ಉಳಿದು ಬೆಳೆಯುತ್ತದೆ. ಕೊರೊನಾನೂ ಹೀಗೇ ವೇಷ ಬದಲಿಸುವ ಪೈಕಿಯದ್ದು ಅಂತ 2021ರಲ್ಲಿ ನಮಗೆಲ್ಲ ಗೊತ್ತಾಯಿತು.

ಸಿಡುಬು ಕೂಡ ದಡಾರದ ಹಾಗೆ ಹೆಚ್ಚು ವೇಷ ಬದಲಿಸದ ಕಾಯಿಲೆ. ಅದನ್ನು ಭೂಮಿಯಿಂದಲೇ ಓಡಿಸಲಿಕ್ಕೆ ಆಗಿದ್ದಕ್ಕೆ ಅದೂ ಒಂದು ಕಾರಣ, 1980ರಲ್ಲಿ ಘೋಷಣೆ ಆಯಿತು. ಅಜ್ಜಿಯ ತೋಳಿನ ಮೇಲೆ ನಾಲ್ಕಾಣೆ ಅಗಲದ ಕಲೆ ಇತ್ತು. "ದಾಕು ಹಾಕಿದ್ದು" ಅನ್ನುತ್ತಿದ್ದಳು, ಅಂದರೆ ಸಿಡುಬಿನ ಲಸಿಕೆ. ಮೈಸೂರು ಸೀಮೆಗೂ ದಾಕಿಗೂ ನಂಟು ಹಳೆಯದು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಅನ್ನುವ ಚಿತ್ರಕಾರ ಬರೆದ ಮೈಸೂರಿನ ರಾಣಿಯರ ಒಂದು ಚಿತ್ರ ಇದೆ. ಅದರಲ್ಲಿ ಕಿರಿಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗವನ್ನು, ಜನರ ಹೆದರಿಕೆ ಬಿಡಿಸಲಿಕ್ಕೆಂದೇ ಅದನ್ನು ಬರೆಸಿದ್ದು ಅಂತ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸುತ್ತಾರೆ. ಇರಲಿ. ಆ ಒಂದು ಕಲೆಯಿಂದಾಗಿ ನಮ್ಮ ಹಿರಿಯರ ತಲೆಯಲ್ಲಿ ಲಸಿಕೆ ಅಂದರೆ ಒಂದೇ ಸಲ ಹಾಕಿಸುವ ಮುದ್ರೆ ಅಂತ ಕೂತುಬಿಟ್ಟಿದೆಯೇನೋ.

ಇನ್ನು ಕೊರೊನಾ ವಿಷಯ. ಇದನ್ನು ಬರೆಯಲಿಕ್ಕೆ ಕೈ ಸ್ವಲ್ಪ ತಡೆಯುತ್ತದೆ.

2021ರ ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಲಸಿಕೆ ಸಿಗುತ್ತಿತ್ತು. ಚಿಕ್ಕಪ್ಪನಿಗೆ 58. "ಮೊದ್ಲು ಬೇರೆಯವ್ರು ಹಾಕ್ಸ್ಕಳ್ಳಲಿ, ನೋಡನ" ಅಂದರು. ತಪ್ಪು ಅಂತ ಆಗ ನಮಗೂ ಅನ್ನಿಸಲಿಲ್ಲ. ಏಪ್ರಿಲ್ ಕೊನೆಯಲ್ಲಿ ಅವರಿಗೆ ಮನಸ್ಸಾಯಿತು, ಅಷ್ಟರಲ್ಲಿ ಲಸಿಕೆ ಖಾಲಿ. ಮೇ ಮೊದಲ ವಾರ ರಾಜ್ಯದಲ್ಲಿ ಒಂದೇ ದಿನ 50 ಸಾವಿರ ಹೊಸ ಕೇಸು. ಆಗ ಹರಡುತ್ತಿದ್ದ ತಳಿಗೆ ಡೆಲ್ಟಾ ಅನ್ನುವ ಹೆಸರು ಇನ್ನೂ ಇಟ್ಟಿರಲಿಲ್ಲ, ಅದು ಇಟ್ಟಿದ್ದು ಮೇ 31ಕ್ಕೆ. ಹೆಸರಿಲ್ಲದ ತಳಿಗೇ ಚಿಕ್ಕಪ್ಪ ಹೋದರು. ಬೆಡ್ ಹುಡುಕಿದ್ದು, ಆಕ್ಸಿಜನ್ ಹುಡುಕಿದ್ದು, ಅದೆಲ್ಲ ಇಲ್ಲಿ ಬೇಡ. ಆ ತಿಂಗಳು ನಿಮ್ಮ ಮನೆಯಲ್ಲೂ ಯಾರಾದರೂ ಹುಡುಕಿರುತ್ತಾರೆ.

ಆಮೇಲೆ ಆ ವರ್ಷದ ಡಿಸೆಂಬರ್ 2. ದೇಶದ ಮೊದಲ ಎರಡು ಓಮಿಕ್ರಾನ್ ಕೇಸು ಬೆಂಗಳೂರಿನಲ್ಲೇ. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದಿದ್ದ 66 ವರ್ಷದವರು. ಇನ್ನೊಬ್ಬರು ಇಲ್ಲಿನವರೇ, 46 ವರ್ಷದ ಡಾಕ್ಟರು, ಎಲ್ಲೂ ವಿದೇಶಕ್ಕೆ ಹೋದವರಲ್ಲ. ಅಂದರೆ ಅದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ಮೊದಲೇ ಊರೊಳಗೆ ಬಂದಾಗಿತ್ತು. ಅದರ ಸ್ಪೈಕ್, ಅಂದರೆ ಹೊರಗಿನ ಮುಳ್ಳಿನ ಮೇಲೆ 30ಕ್ಕೂ ಜಾಸ್ತಿ ಬದಲಾವಣೆ. ಜನವರಿಯಲ್ಲಿ ನಮ್ಮ ಫ್ಲ್ಯಾಟಿನಲ್ಲಿ ನಾಲ್ಕು ಜನಕ್ಕೂ ಬಂತು. ಎಲ್ಲರಿಗೂ ಎರಡೆರಡು ಡೋಸ್ ಆಗಿತ್ತು. ಗಂಟಲು ನೋವು, ಎರಡು ದಿನ ಜ್ವರ, ಮೈಕೈ ನೋವು. ಐದನೇ ದಿನ ನಾನು ಲ್ಯಾಪ್‌ಟಾಪ್ ತೆಗೆದು ಕೂತೆ.

ಆ ತಿಂಗಳು ಎಲ್ಲರ ಬಾಯಲ್ಲೂ ಒಂದೇ ಮಾತು, "ಲಸಿಕೆ ಹಾಕಿಸ್ಕೊಂಡ್ರೂ ಬಂತಲ್ಲ, ಏನ್ ಪ್ರಯೋಜನ?" ನನ್ನ ಆಫೀಸಿನಲ್ಲೂ ಅದೇ. ನಾನೂ ಹೇಳಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಅದಕ್ಕೆ ಉತ್ತರ ಸಿಕ್ಕಿದ್ದು ತುಂಬ ದಿನದ ನಂತರ, ಓದುತ್ತಾ ಓದುತ್ತಾ. ನನಗೆ ಅರ್ಥವಾದ ರೀತಿಯಲ್ಲಿ ಹೇಳುತ್ತೇನೆ. ನಮ್ಮ ಕಡೆ ಯಕ್ಷಗಾನ ನೋಡುವವರಲ್ಲಿ ಎರಡು ತರ ಇದ್ದಾರೆ. ಒಬ್ಬರು ಮುಖದ ಬಣ್ಣ, ಕಿರೀಟ ನೋಡಿ ಇವನು ಇಂಥವನು ಅನ್ನುತ್ತಾರೆ. ವೇಷ ಬದಲಾದರೆ ಅವರಿಗೆ ಗುರುತು ಸಿಗುವುದಿಲ್ಲ. ಇನ್ನೊಬ್ಬರು ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ ಓಡಾಡಿದವರು. ಬಣ್ಣ ಹಚ್ಚುವ ಮೊದಲಿನ ಮುಖ, ಹೆಜ್ಜೆ, ನಿಲ್ಲುವ ಭಂಗಿ ಎಲ್ಲ ಗೊತ್ತು. ಯಾವ ವೇಷ ಹಾಕಿ ಬಂದರೂ, "ಇಂವ ನಮ್ಮ ಇಂಥವನೇ" ಅಂತ ಹೇಳಿಬಿಡುತ್ತಾರೆ.

ಮೈಯಲ್ಲೂ ಹೀಗೆ ಎರಡು ಪಡೆ. ಆಂಟಿಬಾಡಿಗಳು ವೈರಸ್ಸಿನ ಹೊರಗಿನ ವೇಷ ನೋಡುವವು. ಅವು ಬಾಗಿಲಲ್ಲೇ ತಡೆಯುತ್ತವೆ, ಕಾಯಿಲೆ ಅಂಟದ ಹಾಗೆ. ಆದರೆ ಕೆಲವು ತಿಂಗಳಾಗುವಷ್ಟರಲ್ಲಿ ಅವುಗಳ ಸಂಖ್ಯೆ ಇಳಿಯುತ್ತದೆ, ಮತ್ತೆ ವೇಷ ಬದಲಾದರೆ ಅರ್ಧಕ್ಕರ್ಧ ಮೋಸ ಹೋಗುತ್ತವೆ. ಟಿ ಸೆಲ್ ಅಂತ ಇರುವವು ಚೌಕಿಯವರು. ವೈರಸ್ ಒಳಗೆ ನುಗ್ಗಿ ಜೀವಕೋಶದಲ್ಲಿ ಕೂತ ಮೇಲೆ, ಅದರ ಚೂರುಪಾರು ನೋಡಿ ಗುರುತು ಹಿಡಿಯುತ್ತವೆ. ಆ ಚೂರುಗಳೆಲ್ಲವನ್ನೂ ಒಟ್ಟಿಗೆ ಬದಲಿಸಲಿಕ್ಕೆ ವೈರಸ್ಸಿಗೂ ಸುಲಭ ಅಲ್ಲ. ಅದಕ್ಕೇ ಓಮಿಕ್ರಾನ್ ನಮ್ಮ ಬಾಗಿಲು ದಾಟಿತು, ಶ್ವಾಸಕೋಶದವರೆಗೆ ಹೋಗಿ ಮನೆ ಮಾಡಲಿಕ್ಕೆ ಆಗಲಿಲ್ಲ. ಮೂರನೇ ಡೋಸ್ ಯಾಕೆ ಬೇಕಾಗಿತ್ತು ಅಂದರೆ, ಇಳಿದ ಆಂಟಿಬಾಡಿ ಏರಿಸಲಿಕ್ಕೆ. ಏರುವಾಗ ಅವು ಹೊಸ ವೇಷವನ್ನೂ ಸ್ವಲ್ಪ ಮಟ್ಟಿಗೆ ಹಿಡಿಯುವಷ್ಟು ಪಳಗುತ್ತವೆ.

ಪೂರ್ತಿ ಲೆಕ್ಕ ಲಸಿಕೆಗೇ ಕಟ್ಟುವುದು ಸರಿಯಲ್ಲ. ಓಮಿಕ್ರಾನ್ ತಾನೂ ಡೆಲ್ಟಾಕ್ಕಿಂತ ಸ್ವಲ್ಪ ಸೌಮ್ಯ ಇತ್ತು. ಅಷ್ಟರಲ್ಲಿ ನಮ್ಮ ಜನರಲ್ಲಿ ಬಹಳ ಮಂದಿಗೆ ಒಂದು ಸಲ ಕಾಯಿಲೆಯೂ ಬಂದುಹೋಗಿತ್ತು. ಆದರೆ ಕಾಯಿಲೆ ಬಂದು ಬರುವ ರಕ್ಷಣೆಗೆ ಎಷ್ಟು ಬೆಲೆ ಕೊಟ್ಟೆವು ಅನ್ನೋದನ್ನು ನನ್ನ ಚಿಕ್ಕಮ್ಮನ ಮನೆಯಲ್ಲಿ ಕೂತು ಲೆಕ್ಕ ಹಾಕಬೇಕು.

ಮೂರನೇ ಡೋಸಿಗೆ ನಮ್ಮ ಜನ ಮೂಗು ಮುರಿದದ್ದು ನೆನಪಿದೆಯಾ? 2022ರ ಏಪ್ರಿಲ್‌ನಿಂದ 18 ದಾಟಿದವರೆಲ್ಲ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಿಕೊಳ್ಳಬಹುದಿತ್ತು, 225 ರೂಪಾಯಿ, ಮೇಲೆ 150ರವರೆಗೆ ಸರ್ವಿಸ್ ಚಾರ್ಜು. ಜುಲೈ 15ರಿಂದ 75 ದಿನ ಸರ್ಕಾರವೇ ಪುಕ್ಕಟೆ ಕೊಟ್ಟಿತು. ಮೊದಲ ಡೋಸಿಗೆ ಬೆಳಗಿನ ಜಾವ ಎದ್ದು ಕೋವಿನ್‌ನಲ್ಲಿ ಸ್ಲಾಟ್‌ಗೆ ಬೆರಳು ಸವೆಸಿದ ನಾವೇ, ಪುಕ್ಕಟೆ ಸಿಕ್ಕಾಗ ಆ ಕಡೆ ತಿರುಗಿ ನೋಡಲಿಲ್ಲ. ಅಪ್ಪಯ್ಯ ಹಾಕಿಸಿಕೊಂಡರು, ಊರಿನ ಆಶಾ ಕಾರ್ಯಕರ್ತೆ ಎರಡು ಸಲ ಮನೆಗೆ ಬಂದು ಕರೆದರು ಅಂತ. ಬೆಂಗಳೂರಿನಲ್ಲಿದ್ದ ನಾನು ಸೆಪ್ಟೆಂಬರ್ ಕೊನೆವರೆಗೆ ಎಳೆದೆ.

ಇಷ್ಟೆಲ್ಲ ಹೇಳಿದರೂ, ಲಸಿಕೆ ಅಂದರೆ ಹಿಂಜರಿಯುವವರನ್ನು ನೋಡಿ ನಗಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ನಮ್ಮ ತಾಲೂಕಿನವರಿಗೆ ಅದಕ್ಕೆ ಕಾರಣ ಇದೆ. ಮಂಗನ ಕಾಯಿಲೆ. 1957ರಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ತಿರ ಮೊದಲು ಕಂಡದ್ದು, ಅದಕ್ಕೇ ಜಗತ್ತಿನ ಪುಸ್ತಕದಲ್ಲೆಲ್ಲ ಆ ಊರಿನ ಹೆಸರು. ಉಣುಗು ಕಚ್ಚಿ ಬರುವ ಜ್ವರ. ಅದಕ್ಕೊಂದು ಲಸಿಕೆ ಇತ್ತು. ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಆಮೇಲೆ ವರ್ಷ ವರ್ಷ. ಚುಚ್ಚಿದ ಜಾಗ ವಾರಗಟ್ಟಲೆ ಉರಿಯುತ್ತಿತ್ತು ಅಂತ ಹಾಕಿಸಿಕೊಂಡವರು ಹೇಳುತ್ತಾರೆ. 2019ರಲ್ಲಿ ಅರಲಗೋಡಿನ ಕಡೆ ಸಾವಿನ ಮೇಲೆ ಸಾವು ಆದಾಗ ನಮ್ಮೂರಿನವರೂ ಸಾಲು ನಿಂತು ಹಾಕಿಸಿಕೊಂಡರು. ಕೊನೆಗೆ ಅದರಲ್ಲಿ ಸಾಕಷ್ಟು ಶಕ್ತಿ ಇಲ್ಲ ಅಂತ 2022ರಲ್ಲಿ ನಿಲ್ಲಿಸಿಯೇಬಿಟ್ಟರು. ಹೊಸ ಲಸಿಕೆಯ ಕೆಲಸ ನಡೆದಿದೆ. ಅಲ್ಲಿಯವರೆಗೆ ಕಾಡಿಗೆ ಹೋಗುವವರಿಗೆ ಉಣುಗು ಹತ್ತದ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ. ಹೀಗೆ ತೋಳು ಕೊಟ್ಟು ನೋವು ತಿಂದವರಿಗೆ, ಅದು ಅಷ್ಟು ಕೆಲಸ ಮಾಡುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾದರೆ, ಮುಂದಿನ ಸಲ ಯಾರಾದರೂ ಸೂಜಿ ಹಿಡಿದು ಬಂದಾಗ "ಎಂತಕ್ಕೆ ಮತ್ತೆ" ಅನ್ನದೆ ಇನ್ನೇನು ಹೇಳುತ್ತಾರೆ?

ಆದರೂ ನಾನು ಇದನ್ನು ಲಸಿಕೆ ಮೇಲಿನ ದೂರು ಅಂತ ಓದುವುದಿಲ್ಲ. ಕೆಲಸ ಮಾಡುತ್ತಿಲ್ಲ ಅಂತ ಗೊತ್ತಾಗಿ ನಿಲ್ಲಿಸಿದರಲ್ಲ, ಅದು ತಡವಾಯಿತು ಅನ್ನೋದು ನನ್ನ ದೂರು. ಫ್ಲೂ ಲಸಿಕೆಯವರು ಇದನ್ನೇ ಪ್ರತಿವರ್ಷ ಮಾಡುತ್ತಾರೆ. ಹಳೇದು ಹೊಂದುತ್ತಿಲ್ಲವಾ, ತೆಗಿ, ಹೊಸದು ಹಾಕು.

ಅದು ನನ್ನ ಕಣ್ಣಿಗೇ ಬಿದ್ದದ್ದು 2024ರಲ್ಲಿ. ಎರಡನೇ ವರ್ಷದ ಇಂಜೆಕ್ಷನ್ ಆದ ಮೇಲೆ ಡಬ್ಬಿ ತಂದು, ಹೋದ ವರ್ಷದ ಡಬ್ಬಿಯ ಪಕ್ಕ ಇಟ್ಟೆ. ಬಣ್ಣ ಅದೇ, ಆಕಾರ ಅದೇ. ಆದರೆ ಸಿಡ್ನಿ ಹೋಗಿ ವಿಕ್ಟೋರಿಯಾ ಬಂದಿತ್ತು. ಡಾರ್ವಿನ್ ಹೋಗಿ ಥಾಯ್ಲೆಂಡ್ ಬಂದಿತ್ತು. ಆಸ್ಟ್ರಿಯಾ, ಫುಕೆಟ್ ಹಾಗೇ ಇದ್ದವು. ಒಂದು ವರ್ಷದಲ್ಲಿ ನಾಲ್ಕರಲ್ಲಿ ಎರಡು ಬದಲಾಗಿದ್ದವು. ಅಪ್ಪಯ್ಯ ಎರಡೂ ಡಬ್ಬಿಯನ್ನು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ನೋಡಿ, "ಹಂಗಾರೆ ಹೋದ ವರ್ಷದ್ದು ಈ ವರ್ಷಕ್ಕೆ ಪೂರಾ ಬರಾದಿಲ್ಲ" ಅಂದರು. ನಾನು ಒಂದು ವರ್ಷ ಹೇಳಿದ್ದು ಹೋಗದ ತಲೆಗೆ ಎರಡು ಖಾಲಿ ರಟ್ಟಿನ ಡಬ್ಬಿ ಹೋಯಿತು.

ಆಮೇಲೆ ಅವರೇ ಹೇಳಿದ್ದು, ಎಲೆಚುಕ್ಕಿ ವಿಷಯ. ಮಲೆನಾಡಿನ ತೋಟಕ್ಕೆ ಎಲೆಚುಕ್ಕಿ ರೋಗ ಹತ್ತಿದ ಮೇಲೆ ಬರೀ ಮೈಲುತುತ್ತ ನಂಬಿ ಕೂತವರು ಕೆಟ್ಟರು, ಅದಕ್ಕೆ ಬೇರೆ ಔಷಧಿ ಬೇಕು. "ಅದೇ ತರ ಅಲ್ದಾ ಇದು?" ಅಂದರು. ಪೂರ್ತಿ ಅದೇ ತರ ಅಲ್ಲ. ಎಲೆಚುಕ್ಕಿ ಬೇರೆಯೇ ಶಿಲೀಂಧ್ರ, ಕೊಳೆಯ ಹೊಸ ವೇಷ ಅಲ್ಲ. ಹಾಗೆ ನೋಡಿದರೆ ಔಷಧಿ ಹೊಡೆಯುವ ಹೋಲಿಕೆಯೇ ಅರ್ಧ ಸರಿ. ಮರಕ್ಕೆ ಹೊಡೆದದ್ದು ಹೊರಗೆ ಅಂಟಿ ಕೂತಿರುತ್ತದೆ, ಮಳೆಗೆ ತೊಳೆದು ಹೋಗುತ್ತದೆ. ಲಸಿಕೆ ಮೈಗೆ ಪಾಠ ಹೇಳಿ ತಾನು ಹೋಗಿಬಿಡುತ್ತದೆ, ಪಾಠ ಬಹಳ ಕಾಲ ಉಳಿಯುತ್ತದೆ. ಇದನ್ನು ಹೇಳಲಿಕ್ಕೆ ಬಾಯಿ ತೆರೆದವನು ಮುಚ್ಚಿಕೊಂಡೆ. ಅವರು ಅಷ್ಟು ದೂರ ಬಂದಿದ್ದರು, ಸಾಕು.

ಫುಕೆಟ್ ಬಗ್ಗೆ ಒಂದು ತಮಾಷೆ ಹೇಳದಿದ್ದರೆ ಸಮಾಧಾನ ಇಲ್ಲ. ಅದು 2013ರ ತಳಿ, ಬಿ ಗುಂಪಿನ ಯಮಗಾಟ ಅನ್ನುವ ವಂಶದ್ದು. 2020ರ ಮಾರ್ಚ್ ನಂತರ ಆ ವಂಶ ಜಗತ್ತಿನಲ್ಲಿ ಎಲ್ಲೂ ಖಚಿತವಾಗಿ ಕಂಡಿಲ್ಲ. ನಾವೆಲ್ಲ ಮಾಸ್ಕ್ ಹಾಕಿ ಮನೆಯೊಳಗೆ ಕೂತಾಗ ಅದಕ್ಕೆ ಒಬ್ಬರಿಂದ ಒಬ್ಬರಿಗೆ ದಾಟಲಿಕ್ಕೆ ದಾರಿ ಸಿಗದೆ ಅಳಿದೇ ಹೋಗಿರಬೇಕು. ಇನ್ನು ಅದು ಬೇಡ ಅಂತ ತಜ್ಞರು 2023ರಲ್ಲೇ ಹೇಳಿದರು. ನಮ್ಮ ಡಬ್ಬಿಯ ಮೇಲೆ ಮಾತ್ರ ಇನ್ನೊಂದು ವರ್ಷ ಹೆಸರಿತ್ತು. ತೀರಿಕೊಂಡವರ ಹೆಸರು ವೋಟರ್ ಲಿಸ್ಟಿನಲ್ಲಿ ಇರುತ್ತದಲ್ಲ, ಹಾಗೆ.

ಕೊರೊನಾಕ್ಕೂ ಕೆಲವು ಹೊರದೇಶಗಳಲ್ಲಿ ಇದೇ ಪದ್ಧತಿ. ನನ್ನ ತಂಗಿ ಅಮೆರಿಕದಲ್ಲಿದ್ದಾಳೆ. ಅವಳು ಅಕ್ಟೋಬರ್ ಬಂದರೆ ಸಾಮಾನು ತರಲಿಕ್ಕೆ ಹೋದ ಅಂಗಡಿಯ ಫಾರ್ಮಸಿಯಲ್ಲೇ ಎಡಗೈಗೆ ಫ್ಲೂ, ಬಲಗೈಗೆ ಕೊರೊನಾ ಹಾಕಿಸಿಕೊಂಡು, "ಎರಡೂ ಕೈ ಎತ್ತಕ್ಕಾಗ್ತಿಲ್ಲ ಅಣ್ಣ" ಅಂತ ವಾಟ್ಸಾಪ್ ಮಾಡುತ್ತಾಳೆ. 2023ರಲ್ಲಿ ಎಕ್ಸ್‌ಬಿಬಿ.1.5 ಅನ್ನುವ ಓಮಿಕ್ರಾನ್ ವಂಶದ ತಳಿ ನೋಡಿ ಮಾಡಿದ್ದು, ಮರುವರ್ಷ ಜೆಎನ್.1ರ ಕಡೆಯದು. ನಮ್ಮಲ್ಲೂ ಪುಣೆಯ ಕಂಪನಿಯೊಂದು ಓಮಿಕ್ರಾನಿಗೆಂದೇ ಒಂದು ಲಸಿಕೆಯನ್ನು 2023ರ ಜೂನ್‌ನಲ್ಲಿ ಬಿಡುಗಡೆ ಮಾಡಿತ್ತು. ನಾನು ಬೆಂಗಳೂರಿನಲ್ಲಿ ಕೇಳಿದ ಮೂರು ಕಡೆಯೂ ಸಿಗಲಿಲ್ಲ. 2025ರ ಮೇ ತಿಂಗಳಲ್ಲಿ ಮತ್ತೆ ಕೇಸು ಏರಿ ಟಿವಿಯವರು ಎನ್‌ಬಿ.1.8.1 ಅನ್ನುವ ಹೊಸ ತಳಿ ಅಂತ ಕೂಗತೊಡಗಿದಾಗ, ಅಪ್ಪಯ್ಯನಿಗೆ ಏನು ಮಾಡೋಣ ಅಂತ ಡಾಕ್ಟರನ್ನು ಕೇಳಿದೆ. "ಇವರಿಗೆ ಈಗ ಫ್ಲೂದು ತಪ್ಪಿಸಬೇಡಿ, ನ್ಯುಮೋನಿಯಾದ್ದು ಆಗಿಲ್ಲ ಅಂದ್ರೆ ಅದನ್ನೂ ಹಾಕಿಸೋಣ, ಗುಂಪಲ್ಲಿ ಮಾಸ್ಕ್ ಹಾಕಲಿ" ಅಂದರು. ಸಿಗದ ಲಸಿಕೆಗೆ ಕೊರಗುವುದಕ್ಕಿಂತ ಸಿಗುವುದನ್ನು ಹೊತ್ತಿಗೆ ಸರಿಯಾಗಿ ಹಾಕಿಸುವುದು ಅವರ ಲೆಕ್ಕ. ನನಗೂ ಸರಿ ಅನ್ನಿಸಿತು.

ಹೊತ್ತು ಅನ್ನೋದು ಇಲ್ಲಿ ಮುಖ್ಯ. ನಮ್ಮಲ್ಲಿ ಫ್ಲೂ ಮಳೆಗಾಲದಲ್ಲಿ ಒಮ್ಮೆ ಏರುತ್ತದೆ, ಚಳಿಗಾಲದ ಕಡೆ ಇನ್ನೊಮ್ಮೆ. ಚುಚ್ಚಿದ ಮೇಲೆ ಮೈ ತಯಾರಾಗಲಿಕ್ಕೆ ಎರಡು ವಾರ ಬೇಕು. ಹಾಗಾಗಿ ಜೋರು ಮಳೆ ಹಿಡಿಯುವ ಮೊದಲು ಮುಗಿಸಿದರೆ ಒಳ್ಳೆಯದು. ವಯಸ್ಸಾದವರು, ಸಕ್ಕರೆ, ಹೃದಯ, ಉಬ್ಬಸ ಇರುವವರು, ಬಸುರಿಯರು, ಚಿಕ್ಕ ಮಕ್ಕಳು ಮೊದಲು. ಮೊಟ್ಟೆಗೆ ಅಲರ್ಜಿ ಇದ್ದವರು, ಹಿಂದೆ ಯಾವುದಾದರೂ ಲಸಿಕೆಗೆ ಜೋರಾಗಿ ಅಲರ್ಜಿ ಆದವರು ಡಾಕ್ಟರಿಗೆ ಮೊದಲೇ ಹೇಳಬೇಕು. ಸೂಜಿಯಿಂದಲೇ ಫ್ಲೂ ಬರುತ್ತದೆ ಅನ್ನುವ ಮಾತು ನಮ್ಮ ಕಡೆ ಇದೆ. ಸೂಜಿಯಲ್ಲಿ ಕೊಡುವುದರಲ್ಲಿ ಜೀವ ಇರುವ ವೈರಸ್ ಇರುವುದಿಲ್ಲ. ಸಾಮಾನ್ಯವಾಗಿ ಕೈ ನೋವು, ಒಂದು ದಿನ ಮೈ ಬೆಚ್ಚಗೆ, ಅಷ್ಟೇ. ಅಪ್ಪಯ್ಯ ಆ ಒಂದು ದಿನ ಚಾವಡಿಯಲ್ಲಿ ಮಲಗಿ ಅಮ್ಮನ ಹತ್ತಿರ ಮೂರು ಸಲ ಕಾಫಿ ಮಾಡಿಸಿಕೊಳ್ಳುತ್ತಾರೆ.

ಹಾಗಂತ ಅವರಿಗೆ ಜ್ವರ ಬರುವುದೇ ನಿಂತಿಲ್ಲ. 2024ರ ಆಗಸ್ಟ್‌ನಲ್ಲಿ ಮನೆಮಂದಿಗೆಲ್ಲ ಬಂತು, ಅವರಿಗೂ ಬಂತು. ಅದು ಫ್ಲೂವೇ ಹೌದಾ ಅಂತ ಟೆಸ್ಟ್ ಮಾಡಿಸಲಿಲ್ಲ. ಅವರು ನಾಲ್ಕು ದಿನ ಕೆಮ್ಮಿ, ಐದನೇ ದಿನ ತೋಟಕ್ಕೆ ಹೋದರು. ಇದನ್ನು ಲಸಿಕೆಯ ಗೆಲುವು ಅಂತ ನಾನು ಡಂಗುರ ಸಾರಲಾರೆ, ಒಬ್ಬ ಮನುಷ್ಯನ ಒಂದು ಜ್ವರದಿಂದ ಏನೂ ಸಾಬೀತಾಗುವುದಿಲ್ಲ. ಆದರೆ ನಾನು ಆ ವರ್ಷ ಶಿವಮೊಗ್ಗಕ್ಕೆ ರಾತ್ರಿ ಬಸ್ಸು ಹಿಡಿಯಲಿಲ್ಲ.

2025ರ ಮೇ ಕೊನೆ. ಮಳೆ ಬೇಗ ಬಂದಿತ್ತು. ಡಾಕ್ಟರು ಹೇಳಿದ್ದರೂ ನಾನು ಆಫೀಸಿನ ಗಡಿಬಿಡಿಯಲ್ಲಿ ಇಂಜೆಕ್ಷನ್ ವಿಷಯ ಮರೆತೇಬಿಟ್ಟಿದ್ದೆ. ಒಂದು ಸಂಜೆ ಅಪ್ಪಯ್ಯನ ಫೋನು. ಅವರು ತಾವಾಗಿ ಫೋನ್ ಮಾಡುವುದು ಯಾರಾದರೂ ತೀರಿಕೊಂಡರೆ, ಇಲ್ಲ ಅಡಿಕೆ ರೇಟು ಏರಿದರೆ. ಹೆದರುತ್ತಲೇ ಎತ್ತಿದೆ.

"ಈ ವರ್ಷ ಯಾವ ಊರು?" ಅಂದರು.

ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. ಫೋನ್ ಹಿಡಿದುಕೊಂಡೇ ಲ್ಯಾಪ್‌ಟಾಪಿನಲ್ಲಿ ನೋಡಿದೆ. "ವಿಕ್ಟೋರಿಯಾ ಇದೆ. ಆಸ್ಟ್ರಿಯಾ ಇದೆ. ಥಾಯ್ಲೆಂಡ್ ತೆಗೆದು ಕ್ರೊಯೇಷಿಯಾ ಹಾಕಿದಾರೆ."

"ಅದೆಲ್ಲಿ ಬರ್ತದೆ?"

"ಯುರೋಪಿನ ಕಡೆ."

"ಫುಕೆಟ್?"

"ತೆಗೆದ್ರು."

"ಹ್ಞೂಂ." ಹಿಂದೆ ಮಳೆಯ ಸದ್ದು, ಹಂಚಿನ ಮೇಲೆ. "ಶನಿವಾರ ಬಾ ಹಂಗಾರೆ. ಬರುವಾಗ ಎರಡು ಕೆಜಿ ಮೈಲುತುತ್ತ ತಗಂಡು ಬಾ, ಇಲ್ಲಿ ರೇಟು ಜಾಸ್ತಿ ಹೇಳ್ತಿದಾರೆ."